ಕಚೇರಿಯಿಂದ ಹೊಗೆ ಹೊರಬಿದ್ದ ಕಥೆ

ಗುಮಾಸ್ತರು ಕಡತದ ಪಕ್ಕದಲ್ಲೇ ಆ್ಯಶ್‌ಟ್ರೇ ಇಟ್ಟುಕೊಂಡು ಕೆಲಸ ಮಾಡುತ್ತಿದ್ದ ಕಾಲ ತೀರಾ ಹಳೆಯದೇನಲ್ಲ. ಸಾರ್ವಜನಿಕ ಸ್ಥಳದಲ್ಲಿ ಸಿಗರೇಟು ಸೇದುವುದು ಪಕ್ಕದವರ ಜೀವಿಸುವ ಹಕ್ಕಿಗೇ ಧಕ್ಕೆ ಎಂದು ಕೇರಳ ಹೈಕೋರ್ಟ್ ಹೇಳಿದ್ದು 1999ರ ಜುಲೈನಲ್ಲಿ, ಕೆ. ರಾಮಕೃಷ್ಣನ್ ಪ್ರಕರಣದಲ್ಲಿ. ಇದಕ್ಕೆಂದೇ ಪ್ರತ್ಯೇಕ ಕಾನೂನು ಅಲ್ಲಿರಲಿಲ್ಲ. ಹಾಗಾಗಿ ನ್ಯಾಯಮೂರ್ತಿಗಳು ನೆಚ್ಚಿಕೊಂಡದ್ದು ಗಾಳಿ ಕೆಡಿಸುವುದನ್ನು ಅಪರಾಧವೆನ್ನುತ್ತಿದ್ದ ಅಂದಿನ ದಂಡ ಸಂಹಿತೆಯ 278ನೇ ಕಲಮನ್ನು. ಅದು 1860ರಷ್ಟು ಹಳೆಯದು!

ಅತ್ತ ಮುಂಬೈನ ರಾಜಕಾರಣಿ ಮುರಳಿ ದೇವ್ರಾ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದರು. 2001ರ ನವೆಂಬರ್ 2ರಂದು ಕೋರ್ಟ್ ಆದೇಶದಿಂದ ಆಸ್ಪತ್ರೆ, ಶಾಲೆ, ಗ್ರಂಥಾಲಯ, ಸರ್ಕಾರಿ ಕಚೇರಿ, ಬಸ್ಸು, ರೈಲುಗಳಲ್ಲಿ ಧೂಮಪಾನ ನಿಂತಿತು, ಕಾಗದದ ಮೇಲಾದರೂ. 2003ರಲ್ಲಿ ತಂಬಾಕು ನಿಯಂತ್ರಣದ ‘ಕೋಟ್ಪಾ’ ಕಾಯ್ದೆ ಬಂತು. ಖಾಸಗಿ ಕಚೇರಿಗಳಿಗೆ ನಿಜವಾದ ಬಿಸಿ ತಟ್ಟಿದ್ದು 2008ರ ನಿಯಮಗಳಿಂದ. ಕೆಲಸದ ಸ್ಥಳ, ಮಾಲ್, ಸಿನಿಮಾ ಮಂದಿರಗಳನ್ನೆಲ್ಲ ಅವು ಹೆಸರಿಸಿಯೇ ಸೇರಿಸಿಕೊಂಡವು. ತಡೆಯಾಜ್ಞೆ ಕೋರಿದವರಿಗೆ ಸುಪ್ರೀಂ ಕೋರ್ಟ್ ಮಣಿಯಲಿಲ್ಲ. ಆ ವರ್ಷದ ಗಾಂಧಿ ಜಯಂತಿಯಂದೇ ನಿಯಮ ಜಾರಿಯಾಯಿತು.

ಇನ್ನೂರು ರೂಪಾಯಿ ದಂಡಕ್ಕೆ ಹೆದರಿ ಸಿಗರೇಟು ಆರಿಸಿದವರನ್ನು ನಾನಂತೂ ಕಾಣೆ. ಈ ನಿಯಮದ ಜಾಣತನ ಇರುವುದು ಮಾಲೀಕರ ಕೊರಳಪಟ್ಟಿ ಹಿಡಿದಿರುವುದರಲ್ಲಿ. ಪ್ರವೇಶದ್ವಾರ, ಪ್ರತಿ ಮಹಡಿ, ಮೆಟ್ಟಿಲು, ಲಿಫ್ಟ್ ಬಾಗಿಲಲ್ಲಿ ಕನಿಷ್ಠ 60 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲದ ಬಿಳಿ ಫಲಕ ಇರಬೇಕು. ಅದರಲ್ಲಿ ಕೆಂಪು ವೃತ್ತ, ನಡುವೆ ಅಡ್ಡಗೆರೆ ಎಳೆದ ಸಿಗರೇಟು ಅಥವಾ ಬೀಡಿಯ ಚಿತ್ರ. ಆ್ಯಶ್‌ಟ್ರೇ, ಬೆಂಕಿಪೊಟ್ಟಣ, ಲೈಟರ್ ಒದಗಿಸುವಂತಿಲ್ಲ. ಯಾರಿಗೆ ದೂರು ಕೊಡಬೇಕೆಂದು ಹೆಸರು ಹಾಕಿರಬೇಕು. ದೂರು ಬಂದರೂ ಸುಮ್ಮನಿದ್ದರೆ ಎಷ್ಟು ಜನ ಸೇದಿದರೋ ಅಷ್ಟು ದಂಡವೂ ಮಾಲೀಕರ ತಲೆಗೆ.

‘ನಮ್ಮಲ್ಲಿ ಸ್ಮೋಕಿಂಗ್ ರೂಮ್ ಇದೆಯಲ್ಲ’ ಎನ್ನುವ ಕಂಪನಿಗಳುಂಟು. ಆ ವಿನಾಯಿತಿ ಇರುವುದು ಕನಿಷ್ಠ 30 ಕೋಣೆಗಳ ಹೋಟೆಲು, ಕನಿಷ್ಠ 30 ಆಸನಗಳ ರೆಸ್ಟೋರೆಂಟು ಹಾಗೂ ವಿಮಾನ ನಿಲ್ದಾಣಗಳಿಗೆ ಮಾತ್ರ. ಅಲ್ಲೂ ನಾಲ್ಕು ಕಡೆ ಪೂರ್ಣ ಗೋಡೆ, ತಾನಾಗಿ ಮುಚ್ಚಿಕೊಳ್ಳುವ ಬಾಗಿಲು, ಹೊಗೆಯನ್ನು ನೇರ ಹೊರಗೆ ತಳ್ಳುವ ವ್ಯವಸ್ಥೆ ಬೇಕು. ಒಳಗೆ ಕಾಫಿ, ತಿಂಡಿ ಕೊಡುವಂತಿಲ್ಲ. ಕಚೇರಿಯ ಬಾಲ್ಕನಿಯೋ ಮೆಟ್ಟಿಲ ಸಂದಿಯೋ ಈ ಲೆಕ್ಕಕ್ಕೆ ಬರುವುದೇ ಇಲ್ಲ.

ಕರ್ನಾಟಕ 2024ರ ತಿದ್ದುಪಡಿಯಲ್ಲಿ ದಂಡವನ್ನು ಸಾವಿರ ರೂಪಾಯಿಗೆ ಏರಿಸಿತು, ಹುಕ್ಕಾ ಬಾರ್ ನಿಷೇಧಿಸಿತು. 2025ರಲ್ಲಿ ರಾಷ್ಟ್ರಪತಿಗಳ ಅಂಕಿತವೂ ಬಿತ್ತು. ಸೋಮವಾರ ಕೆಲಸಕ್ಕೆ ಹೋದಾಗ ನಿಮ್ಮ ಲಿಫ್ಟ್ ಪಕ್ಕದ ಫಲಕ ನೋಡಿ. ದೂರು ಸ್ವೀಕರಿಸುವವರ ಹೆಸರು ಎಲ್ಲೂ ಕಾಣದಿದ್ದರೆ ಆಡಳಿತ ವಿಭಾಗದವರನ್ನು ಕೇಳಿ.