ಝರಾಸಂಗಂ: ಗಡಿಯಾಚೆಯ ಒಂದು ಊರು

ಗಡಿನಾಡಿನ ಊರುಗಳ ಪರಿಚಯ ಬರೆಯಹೊರಟವರು ಸಾಮಾನ್ಯವಾಗಿ ದೊಡ್ಡ ಊರುಗಳನ್ನೇ ಆರಿಸಿಕೊಳ್ಳುವರು. ಬೀದರದ ಕೋಟೆಯ ಬಗೆಗೆ, ಶರಣರ ಕಲ್ಯಾಣದ ಬಗೆಗೆ ಬರೆದದ್ದು ಬೇಕಾದಷ್ಟಿದೆ. ಆದರೆ ಗಡಿಯು ಹಾದುಹೋಗುವದು ಕೋಟೆಗಳ ಮೇಲಲ್ಲ, ಸಣ್ಣ ಊರುಗಳ ಹೊಲಗಳ ಮೇಲೆ. ಅಂಥ ಸಣ್ಣ ಊರೊಂದನ್ನು ವಾಚಕರ ಮುಂದಿಡುವದು ಈ ಲೇಖನದ ಉದ್ದೇಶ.

ಝರಾಸಂಗಂ ಇಂದು ತೆಲಂಗಾಣದ ಸಂಗಾರೆಡ್ಡಿ ಜಿಲ್ಲೆಯ ಒಂದು ಮಂಡಲ ಕೇಂದ್ರ. ಹೈದರಾಬಾದ-ಮುಂಬಯಿ ಹೆದ್ದಾರಿಯ ಮೇಲಿರುವ ಜಹೀರಾಬಾದಿನಿಂದ ಸುಮಾರು ಹದಿನೈದು ಕಿ.ಮೀ. ಒಳಗಿದೆ. ಜಹೀರಾಬಾದಿನಿಂದ ಬೀದರಕ್ಕೆ ಸುಮಾರು 30 ಕಿ.ಮೀ.; ಹೈದರಾಬಾದಿಗಾದರೋ ನೂರರಷ್ಟು. ಈ ಎರಡು ಅಂಕಿಗಳನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ಮಾತು ತಿಳಿಯುವದು ಸುಲಭ.

ಮೊದಲು ಹೆಸರನ್ನು ನೋಡೋಣ. ಝರ ಎಂದರೆ ಒರತೆ, ಹರಿವ ನೀರು. ನಾವು ಝರಿ ಎನ್ನುತ್ತೇವೆ. ಬೀದರದಲ್ಲಿ ನೀರಿನೊಳಗೆ ನಡೆದು ದರ್ಶನ ಪಡೆಯಬೇಕಾದ ಗುಹಾಲಯದ ದೇವರಿಗೆ ಝರಣಿ ನರಸಿಂಹನೆಂದು ಹೆಸರಿರುವದನ್ನು ನೆನೆಯಬಹುದು. ಸಂಗಮವಂತೂ ನಮಗೆ ಹೊಸತಲ್ಲ. ಬಸವಣ್ಣನವರ ಅಂಕಿತದಲ್ಲಿರುವ ದೇವರೂ ಸಂಗಮದ ದೇವರೇ. ಕೊನೆಯ ‘ಅಂ’ ಮಾತ್ರ ತೆಲುಗು ಬರವಣಿಗೆಯ ರೂಢಿ. ಅದನ್ನು ತೆಗೆದು ಝರಾಸಂಗಮ ಎಂದರೆ ಊರು ನಮ್ಮದೂ ಆಗುತ್ತದೆ, ಅವರದೂ ಆಗಿ ಉಳಿಯುತ್ತದೆ.

ಊರಿಗೆ ಖ್ಯಾತಿ ಬಂದದ್ದು ಕೇತಕಿ ಸಂಗಮೇಶ್ವರ ದೇವಾಲಯದಿಂದ. ಶಿವಪೂಜೆಗೆ ಕೇದಗೆ ಸಲ್ಲದೆಂಬುದು ಎಲ್ಲರೂ ಬಲ್ಲ ನಿಯಮ. ಲಿಂಗದ ತುದಿಯನ್ನು ಕಂಡೆನೆಂದು ಬ್ರಹ್ಮನು ಹೇಳಿದ ಸುಳ್ಳಿಗೆ ಸಾಕ್ಷಿ ನುಡಿದದ್ದರಿಂದ ಆ ಹೂವಿಗೆ ಶಾಪ ತಟ್ಟಿತೆಂದು ಪುರಾಣ. ಝರಾಸಂಗಂದಲ್ಲಿ ಮಾತ್ರ ಕೇದಗೆಯೇ ದೇವರಿಗೆ ಪ್ರಿಯ! ಬ್ರಹ್ಮನು ಇಲ್ಲಿಯ ಕೇದಗೆಯ ವನದಲ್ಲಿ ತಪಸ್ಸು ಮಾಡಿದನೆಂದೂ, ಕುಪೇಂದ್ರನೆಂಬ ಅರಸನ ಚರ್ಮರೋಗ ಇಲ್ಲಿಯ ನೀರಿನಿಂದ ವಾಸಿಯಾಯಿತೆಂದೂ ಸ್ಥಳಪುರಾಣ ಹೇಳುವದು. ಆ ನೀರಿಗೆ ಅಮೃತಗುಂಡಂ ಎಂದು ಹೆಸರು. ನಾವು ಹೊಂಡ ಎನ್ನುವದನ್ನೇ ಅಲ್ಲಿ ಗುಂಡಂ ಎನ್ನುವರು. ಕೇತಕಿಯ ತದ್ಭವ ನಮ್ಮ ಕೇದಗೆ. ತೆಲುಗರು ಮೊಗಲಿ ಎನ್ನುವರು. ದೇವರ ಹೆಸರಿನಲ್ಲಿ ಎರಡೂ ನಿಲ್ಲದೆ ಸಂಸ್ಕೃತದ ಶಬ್ದ ನಿಂತದ್ದರಿಂದ ಯಾರಿಗೂ ತಕರಾರಿಲ್ಲ. ಮಹಾಶಿವರಾತ್ರಿಯ ಜಾತ್ರೆಗೆ ತೆಲಂಗಾಣದವರ ಜೊತೆಗೆ ಕರ್ನಾಟಕ, ಮಹಾರಾಷ್ಟ್ರಗಳ ಭಕ್ತರೂ ಬಂದು ಸೇರುವರು.

ಇನ್ನು ಗಡಿಯ ವಿಚಾರ. 1956ಕ್ಕೆ ಮೊದಲು ಈ ಸೀಮೆ ಹೈದರಾಬಾದ ರಾಜ್ಯದ ಬೀದರ ಜಿಲ್ಲೆಗೆ ಸೇರಿತ್ತು. 1953ರಲ್ಲಿ ನೇಮಕವಾದ ರಾಜ್ಯ ಪುನರ್ವಿಂಗಡಣಾ ಆಯೋಗವು 1955ರ ವರದಿಯಲ್ಲಿ ಬೀದರ ಜಿಲ್ಲೆಯನ್ನು ತೆಲುಗು ಜಿಲ್ಲೆಗಳ ಜೊತೆ ಹೈದರಾಬಾದ ರಾಜ್ಯದಲ್ಲಿಯೇ ಇರಿಸಬೇಕೆಂದು ಸಲಹೆ ಮಾಡಿತ್ತು. ಮರುವರ್ಷದ ಕಾಯಿದೆ ಹಾಗೆ ಮಾಡಲಿಲ್ಲ. ಜಿಲ್ಲೆಯನ್ನು ಮೂರು ಪಾಲು ಮಾಡಿತು. ಅಹಮದಪುರ, ನಿಲಂಗಾ, ಉದಗೀರ ತಾಲೂಕುಗಳು ಮುಂಬಯಿ ರಾಜ್ಯಕ್ಕೆ ಹೋದವು. ನಾರಾಯಣಖೇಡ ತಾಲೂಕು, ನಿರ್ಣಾ ಸರ್ಕಲ್ ಬಿಟ್ಟು ಉಳಿದ ಜಹೀರಾಬಾದ ತಾಲೂಕು, ಬೀದರ ತಾಲೂಕಿನ ನ್ಯಾಲಕಲ್ ಸರ್ಕಲ್ ಇವು ಆಂಧ್ರಪ್ರದೇಶಕ್ಕೆ ಸೇರಿದವು. ಮಿಕ್ಕದ್ದು ಮೈಸೂರಿಗೆ. ಇದರಂತೆ ಗುಲಬರ್ಗಾ ಜಿಲ್ಲೆಯಿಂದ ತಾಂಡೂರು, ಕೊಡಂಗಲ್ ತಾಲೂಕುಗಳೂ ಆಂಧ್ರದ ಪಾಲಾದವು. ಝರಾಸಂಗಂ ಹೀಗೆ ಮೇದಕ ಜಿಲ್ಲೆಯ ಊರಾಯಿತು, 2014ರಲ್ಲಿ ತೆಲಂಗಾಣದ್ದಾಯಿತು, 2016ರ ಅಕ್ಟೋಬರದಲ್ಲಿ ಸಂಗಾರೆಡ್ಡಿ ಜಿಲ್ಲೆಯದಾಯಿತು.

ಇಲ್ಲಿ ಗಮನಿಸತಕ್ಕದ್ದು ‘ಸರ್ಕಲ್’ ಎಂಬ ಮಾತು. ಸರ್ಕಲ್ ಎಂದರೆ ಒಬ್ಬ ಗಿರ್ದಾವರನ ಕೈಕೆಳಗಿನ ಹಳ್ಳಿಗಳ ಗುಂಪು. ಕಂದಾಯ ವಸೂಲಿಯ ಅನುಕೂಲಕ್ಕಾಗಿ ಎಂದೋ ಕಟ್ಟಿದ ಗುಂಪುಗಳೇ ರಾಜ್ಯಗಳ ಎಲ್ಲೆಯಾಗಿ ನಿಂತವು. ಅಮೆರಿಕದಲ್ಲಿ ಪೆನ್ಸಿಲ್ವೇನಿಯ, ಮೇರಿಲ್ಯಾಂಡ್ ಸೀಮೆಗಳ ಜಗಳವನ್ನು ತೀರಿಸಲು ಮೇಸನ್, ಡಿಕ್ಸನ್ ಎಂಬಿಬ್ಬರು 1763ರಿಂದ 1767ರ ವರೆಗೆ ನಕ್ಷತ್ರಗಳನ್ನು ನೋಡಿ ಅಳೆದು, ಮೈಲಿಗೊಂದು ಕಲ್ಲು ನೆಟ್ಟರು. ಆ ಗೆರೆಯನ್ನು ಇಂದೂ ಕಲ್ಲಿನಿಂದ ಕಲ್ಲಿಗೆ ಹುಡುಕಬಹುದು. ನಮ್ಮ ಗೆರೆಗೆ ಅಂಥ ಕಲ್ಲಿಲ್ಲ. ಅದನ್ನು ಗಿರ್ದಾವರನ ದಫ್ತರಿನಲ್ಲಿ ಹುಡುಕಬೇಕು.

ಸಂಶೋಧನೆ ಮಾಡುವ ಅಧ್ಯಾಪಕ ಬಂಧುಗಳಿಗೆ ಒಂದು ಸೂಚನೆ. 1951ರ ಜನಗಣತಿಯಲ್ಲಿ ಝರಾಸಂಗಂ ಬೀದರ ಜಿಲ್ಲೆಯ ಲೆಕ್ಕದಲ್ಲಿದೆ, 1961ರಲ್ಲಿ ಮೇದಕದ ಲೆಕ್ಕದಲ್ಲಿದೆ. ಎರಡು ಗಣತಿಗಳ ಬೀದರದ ಅಂಕಿಗಳನ್ನು ಹಾಗೆಯೇ ಹೋಲಿಸಿ, ಇಂಥ ಭಾಷೆಯವರು ಹೆಚ್ಚಿದರು, ಇಂಥವರು ಕಡಿಮೆಯಾದರು ಎಂದು ಬರೆದರೆ ತಪ್ಪಾಗುವದು. ಜನ ಎಲ್ಲಿಗೂ ಹೋಗಿಲ್ಲ, ಜಿಲ್ಲೆಯೇ ಸರಿದಿದೆ.

ಗೆರೆ ಬಿದ್ದು ಎಪ್ಪತ್ತು ವರ್ಷಗಳಾಗುತ್ತ ಬಂದವು. ಶಾಲೆ, ಪಹಣಿ, ರೇಷನ್ ಚೀಟಿ ಎಲ್ಲವೂ ತೆಲುಗಿನವು. ಹಾಗಾದರೆ ಈ ಸೀಮೆಯಲ್ಲಿ ಕನ್ನಡದ ಗುರುತು ಏನುಳಿದಿದೆ? ಮನೆಯಲ್ಲಿ ಕನ್ನಡ ಆಡುವವರನ್ನು ಎಣಿಸುವದು ಒಂದು ದಾರಿ. ನನ್ನ ದೃಷ್ಟಿಯಲ್ಲಿ ಅದಕ್ಕಿಂತ ಗಟ್ಟಿಯಾದ ಸಾಕ್ಷಿ ಹೊಲದಲ್ಲಿದೆ. ಮಾರ್ಗಶಿರದ ಕೊನೆಗೆ ಬರುವ ಎಳ್ಳಮಾವಾಸ್ಯೆಯನ್ನು ಬೀದರ, ಕಲಬುರ್ಗಿಗಳ ರೈತರು ಹೇಗೆ ಆಚರಿಸುವರೆಂದು ಇಲ್ಲಿ ವಿವರಿಸಬೇಕಾಗಿಲ್ಲ. ಭಜ್ಜಿ, ಸಜ್ಜೆಯ ರೊಟ್ಟಿ, ಕಡಬು ಕಟ್ಟಿಕೊಂಡು ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ, ಪಾಂಡವರೆಂದು ಐದು ಕಲ್ಲುಗಳನ್ನು ಇಟ್ಟು ಪೂಜಿಸಿ, ಬೆಳೆಗೆ ಚರಗ ಚೆಲ್ಲಿ ಅಲ್ಲಿಯೇ ಉಣ್ಣುವರು. ಈ ಹಬ್ಬ ತೆಲಂಗಾಣದ ಜಹೀರಾಬಾದ, ನಾರಾಯಣಖೇಡ ಕಡೆಗಳಲ್ಲಿಯೂ ನಡೆಯುವದು. ಅಲ್ಲಿ ಅದರ ಹೆಸರೇನು? ಎಲ್ಲ ಅಮಾವಾಸ್ಯ. ತೆಲುಗಿನಲ್ಲಿ ಎಳ್ಳಿಗೆ ನುವ್ವುಲು ಎನ್ನುವರಲ್ಲದೆ ಎಳ್ಳು ಎನ್ನುವದಿಲ್ಲ. ಅಂದಮೇಲೆ ತೆಲುಗಿನ ಬಾಯಲ್ಲಿ ಈ ‘ಎಲ್ಲ’ ಬಂದದ್ದು ನಮ್ಮ ಎಳ್ಳಿನಿಂದಲೇ. ‘ಳ’ಕಾರ ‘ಲ’ಕಾರವಾದದ್ದಷ್ಟೇ ವ್ಯತ್ಯಾಸ. ಮನೆಮಾತು ತೆಲುಗಾದವರ ಹಬ್ಬದಲ್ಲಿಯೂ ಶಬ್ದ ಕನ್ನಡದ್ದಾಗಿ ಉಳಿದಿದೆ. ಗಣತಿಯವನ ಕಾಲಮಿನಲ್ಲಿ ಇದಕ್ಕೆ ಜಾಗವಿಲ್ಲ.

ಇಂಥ ಸಾಕ್ಷಿ ಬೇರೆಡೆಯೂ ಸಿಗುವದು. ತಾಂಡೂರಿನಲ್ಲಿ ತಾಂಡೂರು ಬಂಡೆ ಎಂದು, ನಮ್ಮಲ್ಲಿ ಶಹಾಬಾದ ಫರಸಿ ಎಂದು ಮಾರುವದು ಭೀಮಾ ಸೀಮೆಯ ಒಂದೇ ಜಾತಿಯ ಸುಣ್ಣಗಲ್ಲು. ಕಲಬುರ್ಗಿಯ ತೊಗರಿಗೆ 2019ರಲ್ಲಿ, ತಾಂಡೂರಿನ ಕಂದಿಗೆ 2022ರಲ್ಲಿ ಬೇರೆ ಬೇರೆ ಭೌಗೋಳಿಕ ಸೂಚಕ ಮುದ್ರೆ ಸಿಕ್ಕಿತು. ಕಂದಿಯೆಂದರೂ ತೊಗರಿಯೇ.

ಬೀಜದ ಮಾತು ಬಂದಾಗ ಝರಾಸಂಗಂ ಮಂಡಲದ ಮಾಚನೂರನ್ನು ಬಿಡುವಂತಿಲ್ಲ. ಜಹೀರಾಬಾದಿನ ಪಸ್ತಾಪುರದಲ್ಲಿ ನೆಲೆಸಿದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯು 2008ರ ಅಕ್ಟೋಬರದಲ್ಲಿ ಮಾಚನೂರಿನಿಂದ ‘ಸಂಗಂ ರೇಡಿಯೋ’ ಆರಂಭಿಸಿತು. ಸ್ವಯಂಸೇವಾ ಸಂಸ್ಥೆಯ ಸಮುದಾಯ ಬಾನುಲಿಗಳಲ್ಲಿ ದೇಶದಲ್ಲಿಯೇ ಮೊದಲನೆಯದೆಂದು ಅದಕ್ಕೆ ಹೆಸರು. ನಡೆಸಿದವರು ದಲಿತ ಹೆಣ್ಣುಮಕ್ಕಳು. ಈ ಹೆಣ್ಣುಮಕ್ಕಳ ಸಂಘಗಳೇ ನವಣೆ, ಸಾವೆ, ಸಜ್ಜೆಗಳ ಬೀಜ ಉಳಿಸಿದ್ದು, ಸಂಕ್ರಾಂತಿಯ ಹೊತ್ತಿಗೆ ಬಂಡಿ ಕಟ್ಟಿ ಊರೂರಿಗೆ ಬೀಜದ ಜಾತ್ರೆ ಹೊರಡಿಸಿದ್ದು. ಸೊಸೈಟಿಗೆ 2019ರಲ್ಲಿ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿ ಬಂತು. ಅದರ ಸ್ಥಾಪಕರಲ್ಲಿ ಒಬ್ಬರಾಗಿ ದಶಕಗಳ ಕಾಲ ನಡೆಸಿದ ಪಿ. ವಿ. ಸತೀಶರು ಮೈಸೂರಿನವರು, 2023ರ ಮಾರ್ಚಿನಲ್ಲಿ ತೀರಿಕೊಂಡರು. ಕನ್ನಡ ಪತ್ರಿಕೆಗಳಿಗೆ ಅವರ ನೆನಪು ಇನ್ನಷ್ಟು ಇರಬೇಕಾಗಿತ್ತೆಂದು ನನ್ನ ಅನಿಸಿಕೆ.

ಈಗ ಈ ನೆಲಕ್ಕೆ ಇನ್ನೊಂದು ಗೆರೆ ಬೀಳುತ್ತಿದೆ. ನ್ಯಾಲಕಲ್, ಝರಾಸಂಗಂ ಮಂಡಲಗಳ 17 ಹಳ್ಳಿಗಳಲ್ಲಿ 12,635 ಎಕರೆಯ ರಾಷ್ಟ್ರೀಯ ಹೂಡಿಕೆ ಹಾಗೂ ಉತ್ಪಾದನಾ ವಲಯಕ್ಕಾಗಿ ಭೂಮಿ ಗೊತ್ತುಪಡಿಸಲಾಯಿತು. 2024ರ ಆಗಸ್ಟಿನಲ್ಲಿ ಕೇಂದ್ರ ಸಂಪುಟವು ಜಹೀರಾಬಾದಿನ ಕೈಗಾರಿಕಾ ನಗರಕ್ಕೆ ಒಪ್ಪಿಗೆ ಕೊಟ್ಟಿತು. ಉದ್ಯೋಗ ಬೇಡವೆಂದು ಯಾರೂ ಹೇಳಲಾರರು. ಆದರೆ 1956ರ ಗೆರೆ ಊರನ್ನು ಆ ಕಡೆ ಹಾಕಿತೇ ಹೊರತು ಹೊಲವನ್ನು ಮುಟ್ಟಲಿಲ್ಲ. ಈ ಗೆರೆ ಹೊಲವನ್ನೇ ತೆಗೆದುಕೊಳ್ಳುವದು. ಭೂಸ್ವಾಧೀನದ ಕಾಗದದಲ್ಲಿ ಸರ್ವೆ ನಂಬರು ಬರುವದು, ಎಕರೆ-ಗುಂಟೆ ಬರುವದು. ಹೊಲದ ಹೆಸರು ಬರುವದಿಲ್ಲ. ಬಾವಿಯ ಹೊಲ, ಗುಡಿಯ ಹೊಲ, ಮುದುಕಿಯ ಹೊಲ ಎಂಬಂಥ ಹೆಸರುಗಳು ಯಾವ ಭಾಷೆಯಲ್ಲಿವೆ, ಎಷ್ಟು ಕನ್ನಡದವು, ಎಷ್ಟು ಎರಡೂ ಬೆರೆತವು ಎಂಬುದು ಉತ್ತವರ ಬಾಯಲ್ಲಿ ಮಾತ್ರ ಇದೆ.

ಎಳ್ಳಮಾವಾಸ್ಯೆಯ ದಿನ ಈ ಕಡೆಯ ಶಾಲೆಗಳಲ್ಲಿಯೂ ಆ ಕಡೆಯ ಶಾಲೆಗಳಲ್ಲಿಯೂ ಮಕ್ಕಳು ಕಡಿಮೆ. ಮಾಸ್ತರರೂ ಒಂದು ವಹಿ ಹಿಡಿದು ಅವರ ಹಿಂದೆ ಹೊಲಕ್ಕೆ ಹೋಗಬಹುದು. ಊಟಕ್ಕೆ ಕರೆಯದೆ ಯಾರೂ ಬಿಡುವದಿಲ್ಲ. ಉಂಡಾದ ಮೇಲೆ ಹಿರಿಯರನ್ನು ಕೂಡಿಸಿಕೊಂಡು, ಸುತ್ತಲಿನ ಹೊಲಗಳ ಹೆಸರುಗಳನ್ನು ಒಂದೊಂದಾಗಿ ಕೇಳಿ ಬರೆದುಕೊಳ್ಳಲಿಕ್ಕೆ ಅದಕ್ಕಿಂತ ಅನುಕೂಲವಾದ ದಿನ ವರ್ಷದಲ್ಲಿ ಇನ್ನೊಂದಿಲ್ಲ.