ಹಿರಿಯರಿಗೆ ಸಮಯದ ದಾಸೋಹ: ವೃದ್ಧಾಶ್ರಮಗಳಲ್ಲಿ ಸೇವೆ ಸಲ್ಲಿಸುವವರು ಅರಿತಿರಬೇಕಾದ ಸಂಗತಿಗಳು

ಬೇಲೂರು, ಹಳೇಬೀಡು, ಅರಸೀಕೆರೆಯ ಸೀಮೆಯಲ್ಲಿ ಎರಡು ತಲೆಮಾರುಗಳ ಹಿಂದೆ ಜಗಲಿಯ ಮೇಲೆ ಕುಳಿತ ಅಜ್ಜನನ್ನು ಮಾತನಾಡಿಸುವವರಿಗೆ ಕೊರತೆಯಿರಲಿಲ್ಲ. ಇಂದು ಓದು, ಉದ್ಯೋಗಗಳಿಗಾಗಿ ಮಕ್ಕಳು ಬೆಂಗಳೂರಿಗೋ ಹೊರದೇಶಕ್ಕೋ ತೆರಳಿದ್ದಾರೆ. ತೋಟ, ಹೊಲ, ಮನೆಗಳನ್ನು ದಂಪತಿಗಳಿಬ್ಬರೇ ನೋಡಿಕೊಳ್ಳುತ್ತಾರೆ. ಅವರಲ್ಲೊಬ್ಬರು ಲಿಂಗೈಕ್ಯರಾದರೆ ಉಳಿದವರು ಒಂಟಿಯಾಗುತ್ತಾರೆ. 2011ರ ಜನಗಣತಿಯ ಪ್ರಕಾರ ದೇಶದಲ್ಲಿ 60 ವರ್ಷ ತುಂಬಿದವರ ಸಂಖ್ಯೆ ಸುಮಾರು 10.4 ಕೋಟಿ, ಕರ್ನಾಟಕದ ಜನಸಂಖ್ಯೆಯಲ್ಲಿ ಅವರ ಪಾಲು ಶೇಕಡ 9.5. ಆ ಪ್ರಮಾಣ ಅಂದಿನಿಂದ ಹೆಚ್ಚುತ್ತಲೇ ಇದೆ.

ವೃದ್ಧಾಶ್ರಮಕ್ಕೆ ಸೇರಿದವರೆಲ್ಲರೂ ಮಕ್ಕಳಿಂದ ತಿರಸ್ಕೃತರೆಂದು ಭಾವಿಸುವುದು ಸರಿಯಲ್ಲ. ಮಕ್ಕಳಿಲ್ಲದವರು, ಅವಿವಾಹಿತರು, ಮಕ್ಕಳಿಗೆ ಭಾರವಾಗಬಾರದೆಂದು ತಾವೇ ಇಚ್ಛಿಸಿ ಬಂದವರು, ಸದಾ ದಾದಿಯರ ಆರೈಕೆ ಬೇಕಾದವರು ಕೂಡ ಅಲ್ಲಿರುತ್ತಾರೆ. ಸೇವೆಗೆ ಹೋಗುವವರು ಮೊದಲು ಬಿಡಬೇಕಾದದ್ದು ಕನಿಕರದ ನೋಟವನ್ನು. “ನಿಮ್ಮನ್ನು ಇಲ್ಲಿ ಬಿಟ್ಟುಹೋದರೇ?” ಎಂಬ ಒಂದು ಪ್ರಶ್ನೆ ಅವರ ಇಡೀ ದಿನವನ್ನು ಕದಡಬಲ್ಲದು.

ದಾಸೋಹವೆಂದರೆ ಅನ್ನದಾಸೋಹವೆಂದು ಮಾತ್ರ ತಿಳಿಯುವುದು ರೂಢಿಯಾಗಿದೆ. ತನ್ನಲ್ಲಿರುವುದನ್ನು ‘ನಾನು ಕೊಟ್ಟೆ’ ಎಂಬ ಅಹಂಕಾರವಿಲ್ಲದೆ ಸಮರ್ಪಿಸುವುದೇ ಅದರ ತಿರುಳು. ಆಯ್ದಕ್ಕಿ ಮಾರಯ್ಯನವರ ಪ್ರಸಂಗವನ್ನು ಎಲ್ಲರೂ ಬಲ್ಲರು. ಒಂದು ದಿನ ಅವರು ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಅಗತ್ಯಕ್ಕೆ ಮೀರಿದ್ದನ್ನು ಮರಳಿ ಸುರಿದು ಬರಬೇಕೆಂದು ಲಕ್ಕಮ್ಮನವರು ತಿಳಿಹೇಳಿದರು. ವೃದ್ಧಾಶ್ರಮಗಳ ಸೇವೆಗೂ ಈ ವಿವೇಕ ಅನ್ವಯಿಸುತ್ತದೆ. ಹುಟ್ಟುಹಬ್ಬದ ದಿನ ಹತ್ತು ಮಂದಿ ಸೇರಿ ಸಿಹಿತಿಂಡಿ ಹಂಚುತ್ತಾರೆ. ಅದನ್ನು ಪಡೆದವರಲ್ಲಿ ಹಲವರಿಗೆ ಮಧುಮೇಹವಿರುತ್ತದೆ. ಭಾವಚಿತ್ರ ತೆಗೆಸಿಕೊಂಡು ಹೋದವರು ಮರುವರ್ಷದವರೆಗೆ ಬರುವುದಿಲ್ಲ. ಅಲ್ಲಿ ಯಾವುದರ ಕೊರತೆಯಿದೆಯೆಂದು ಕೇಳಿ ಅಷ್ಟನ್ನೇ ಒದಗಿಸುವುದು ಲಕ್ಕಮ್ಮನವರು ತೋರಿದ ದಾರಿ. ಹೆಚ್ಚಿನ ಕಡೆ ಕೊರತೆಯಿರುವುದು ಮಾತನಾಡುವ ಜೊತೆಗೆ.

ಆದ್ದರಿಂದ ಸೇವೆಯ ಮೊದಲ ನಿಯಮ ಕ್ರಮಬದ್ಧತೆ. ವಾರಕ್ಕೊಂದು ಗಂಟೆಯಾದರೂ ಸರಿ, ಹದಿನೈದು ದಿನಕ್ಕೊಮ್ಮೆಯಾದರೂ ಸರಿ, ಗೊತ್ತಾದ ದಿನ, ಗೊತ್ತಾದ ವೇಳೆಗೆ ಹೋಗಬೇಕು. ಭಾನುವಾರ ಬರುತ್ತೇನೆಂದು ಹೇಳಿದ ಮಾತನ್ನು ಹಿರಿಯರು ಸೋಮವಾರದಿಂದಲೇ ಎಣಿಸುತ್ತಿರುತ್ತಾರೆ. ಹೋಗಲಾಗದಿದ್ದರೆ ಮುಂಚಿತವಾಗಿ ದೂರವಾಣಿ ಮಾಡಿ ತಿಳಿಸಬೇಕು. ಈಡೇರಿಸಲಾಗದ ಭರವಸೆಯನ್ನು ನೀಡಲೇಬಾರದು.

ಎರಡನೆಯದು ಮಾತಿನ ರೀತಿ. ಕಿವಿ ಮಂದವಾದವರ ಎದುರಿಗೆ ಕುಳಿತು, ಮುಖ ಕಾಣುವಂತೆ, ನಿಧಾನವಾಗಿ ಮಾತನಾಡಬೇಕು, ಕೂಗುವುದರಿಂದ ಪ್ರಯೋಜನವಿಲ್ಲ. ಮರೆವಿನ ಕಾಯಿಲೆಯಿರುವವರು ಒಂದೇ ಸಂಗತಿಯನ್ನು ಹತ್ತು ಸಲ ಹೇಳಿದರೂ ‘ಆಗಲೇ ಹೇಳಿದಿರಿ’ ಎನ್ನಬಾರದು. ತೀರಿಕೊಂಡ ಪತಿಯನ್ನು ಅವರು ಹುಡುಕುತ್ತಿದ್ದರೆ ಆ ಸಾವನ್ನು ಮತ್ತೆ ಮತ್ತೆ ನೆನಪಿಸುವ ಬದಲು, ಅವರ ಬಗ್ಗೆ ಹೇಳಿರೆಂದು ಕೇಳುವುದು ಲೇಸು. ಎಂಬತ್ತು ದಾಟಿದವರನ್ನು ಮಗುವಿನಂತೆ ಮುದ್ದಿಸಿ ಮಾತನಾಡಿಸುವುದು ಅವರ ಘನತೆಗೆ ಕುಂದು ತರುತ್ತದೆ.

ಮೂರನೆಯದು ಮಿತಿಯ ಅರಿವು. ಔಷಧ ಕೊಡುವುದು, ಹಾಸಿಗೆಯಿಂದ ಎತ್ತಿ ಕೂರಿಸುವುದು ಮುಂತಾದವುಗಳನ್ನು ಸಿಬ್ಬಂದಿಗೇ ಬಿಡಬೇಕು. ಹಣಕಾಸಿನ ವ್ಯವಹಾರದಲ್ಲಿ ತಲೆಹಾಕಬಾರದು. ಯಾವ ಕಾಗದಕ್ಕೂ ಸಹಿ ಹಾಕಿಸಿಕೊಳ್ಳಬಾರದು. ಅವರ ಒಪ್ಪಿಗೆಯಿಲ್ಲದೆ ಭಾವಚಿತ್ರ ತೆಗೆಯಬಾರದು. ಅವರು ನಂಬಿ ಹೇಳಿದ ಮನೆಯ ವಿಚಾರ ಹೊರಗೆ ಹೋಗಬಾರದು. ಆದರೆ ಮೈಮೇಲೆ ಪೆಟ್ಟಿನ ಗುರುತು, ಇದ್ದಕ್ಕಿದ್ದಂತೆ ಊಟ ಬಿಟ್ಟಿರುವುದು, ಯಾರನ್ನೋ ಕಂಡು ಹೆದರುವುದು ಕಂಡರೆ ಸುಮ್ಮನಿರುವುದೂ ತಪ್ಪು. ಆಶ್ರಮದ ಮುಖ್ಯಸ್ಥರಿಗೆ ತಿಳಿಸಬೇಕು. ಅಲ್ಲಿ ಪರಿಹಾರ ಸಿಗದಿದ್ದರೆ ಹಿರಿಯ ನಾಗರಿಕರ ಸಹಾಯವಾಣಿ 14567ಕ್ಕೆ ಕರೆ ಮಾಡಬಹುದು.

ಕಾನೂನಿನ ತಿಳಿವಳಿಕೆಯೂ ಸೇವೆಯ ಭಾಗವೇ. 2007ರ ತಂದೆ ತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆಯಡಿ, ಸ್ವಂತ ಆದಾಯದಿಂದ ಬದುಕಲಾಗದ ಹಿರಿಯರು ಮಕ್ಕಳಿಂದ ಜೀವನಾಂಶ ಕೋರಿ ಉಪವಿಭಾಗಾಧಿಕಾರಿಗಳ ನೇತೃತ್ವದ ನ್ಯಾಯಮಂಡಳಿಗೆ ಅರ್ಜಿ ಸಲ್ಲಿಸಬಹುದು. ತಮಗೆ ಸಾಧ್ಯವಾಗದಿದ್ದರೆ, ತಾವು ಅಧಿಕಾರ ನೀಡಿದ ವ್ಯಕ್ತಿ ಅಥವಾ ಸಂಸ್ಥೆಯ ಮೂಲಕವೂ ಸಲ್ಲಿಸಬಹುದು. ನೋಡಿಕೊಳ್ಳಬೇಕೆಂಬ ಷರತ್ತಿನೊಡನೆ ಬರೆದುಕೊಟ್ಟ ಆಸ್ತಿಯನ್ನು ಪಡೆದವರು ನೋಡಿಕೊಳ್ಳದೆ ಹೋದರೆ, ಆ ವರ್ಗಾವಣೆಯನ್ನು ರದ್ದುಪಡಿಸಲು 23ನೆಯ ಸೆಕ್ಷನ್ನಿನಲ್ಲಿ ಅವಕಾಶವಿದೆ. ಆಸ್ತಿಯನ್ನೆಲ್ಲ ಬರೆದುಕೊಟ್ಟು ಬರಿಗೈಯಾದ ಎಷ್ಟೋ ಹಿರಿಯರಿಗೆ ಇದು ತಿಳಿದೇ ಇರುವುದಿಲ್ಲ.

ಸಣ್ಣ ಕೆಲಸಗಳೂ ದೊಡ್ಡ ಉಪಕಾರವಾಗಬಲ್ಲವು. ನಿವೃತ್ತ ನೌಕರರು ಪ್ರತಿವರ್ಷ ನವೆಂಬರಿನಲ್ಲಿ ಜೀವಿತ ಪ್ರಮಾಣಪತ್ರ ಸಲ್ಲಿಸದಿದ್ದರೆ ಪಿಂಚಣಿ ನಿಲ್ಲುತ್ತದೆ. 2014ರಲ್ಲಿ ಆರಂಭವಾದ ಜೀವನ್ ಪ್ರಮಾಣ್ ವ್ಯವಸ್ಥೆಯಿಂದ ಅದನ್ನು ಈಗ ಮೊಬೈಲಿನಲ್ಲೇ ಮಾಡಬಹುದು. ಬೇಕಾದದ್ದು ಪಕ್ಕದಲ್ಲಿ ಕುಳಿತು ನೆರವಾಗುವ ಒಬ್ಬ ತರುಣ. 65 ವರ್ಷ ದಾಟಿದ ಬಡವರಿಗೆ ರಾಜ್ಯದ ಸಂಧ್ಯಾ ಸುರಕ್ಷಾ ಯೋಜನೆಯಿದೆ. 70 ದಾಟಿದವರಿಗೆ 2024ರಿಂದ ಆಯುಷ್ಮಾನ್ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸಾ ನೆರವಿದೆ. ಈ ಚೀಟಿಗಳನ್ನು ಮಾಡಿಸಿಕೊಡುವುದು, ಪತ್ರ ಬರೆದುಕೊಡುವುದು, ದಿನಪತ್ರಿಕೆ ಓದಿ ಹೇಳುವುದು, ದೂರದ ಮೊಮ್ಮಕ್ಕಳಿಗೆ ವಿಡಿಯೋ ಕರೆ ಮಾಡಿಸುವುದು, ಇವೆಲ್ಲವೂ ದಾಸೋಹವೇ. ಕಾಲೇಜಿನ ರಾಷ್ಟ್ರೀಯ ಸೇವಾ ಯೋಜನೆಯ ವಿದ್ಯಾರ್ಥಿಗಳು ವರ್ಷಕ್ಕೆ 120 ಗಂಟೆ ಸೇವೆ ಸಲ್ಲಿಸಬೇಕಾಗಿದೆ. ಅದರಲ್ಲೊಂದು ಪಾಲು ಹಿರಿಯರಿಗೆ ಮೀಸಲಾದರೆ ಇಬ್ಬರಿಗೂ ಲಾಭ.

ಕೊನೆಯ ಸಂಗತಿಯೇ ಮುಖ್ಯವಾದುದು. ಪಡೆಯುವುದೊಂದನ್ನೇ ಉಳಿಸಿಕೊಂಡ ಬದುಕು ಹಿರಿಯರಿಗೆ ಭಾರವಾಗುತ್ತದೆ. ಕಾಯಕಕ್ಕೆ ನಿವೃತ್ತಿಯೆಂಬುದಿಲ್ಲ. 2019ರಲ್ಲಿ ಲಿಂಗೈಕ್ಯರಾದ ಸಿದ್ಧಗಂಗೆಯ ಪರಮಪೂಜ್ಯ ಶ್ರೀ ಶಿವಕುಮಾರ ಮಹಾಸ್ವಾಮಿಗಳು ನೂರು ವರ್ಷ ದಾಟಿದ ಮೇಲೂ ಇಷ್ಟಲಿಂಗ ಪೂಜೆಯನ್ನೂ ಮಕ್ಕಳ ಯೋಗಕ್ಷೇಮವನ್ನೂ ಬಿಟ್ಟವರಲ್ಲ. ಆಶ್ರಮದಲ್ಲಿರುವ ಅಜ್ಜಿಗೆ ಸೋಬಾನೆ ಪದ ಬರುತ್ತಿರಬಹುದು. ಅಜ್ಜನಿಗೆ ಕಾಫಿ ಗಿಡದ ಕಸಿ, ರಾಗಿ ಬಿತ್ತನೆಯ ಹದ ತಿಳಿದಿರಬಹುದು. ನಿವೃತ್ತ ಶಿಕ್ಷಕರು ಶಾಲಾಮಕ್ಕಳಿಗೆ ಗಣಿತ ಹೇಳಿಕೊಡಬಲ್ಲರು. ಅವರಿಂದ ಕಲಿಯಲು ಹೋದವರು ಅವರಿಗೆ ಕಾಯಕವನ್ನು ಮರಳಿ ಕೊಟ್ಟಂತಾಗುತ್ತದೆ.

ಸದ್ಭಕ್ತರು ತಮ್ಮ ಊರಿಗೆ ಹತ್ತಿರದ ಒಂದು ವೃದ್ಧಾಶ್ರಮವನ್ನು, ಇಲ್ಲವೇ ಬೀದಿಯಲ್ಲಿ ಒಂಟಿಯಾಗಿರುವ ಒಬ್ಬ ಹಿರಿಯರನ್ನು ಆರಿಸಿಕೊಂಡು, ವಾರಕ್ಕೊಂದು ಗಂಟೆಯನ್ನು ಮೀಸಲಿಡಲಿ. ಬರಿಗೈಯಲ್ಲಿ ಹೋದರೂ ಅಡ್ಡಿಯಿಲ್ಲ. ಹೇಳಿದ ವೇಳೆಗೆ ಹೋಗುವುದನ್ನು ಮಾತ್ರ ತಪ್ಪಿಸದಿರಲಿ.