ಮೊಬೈಲ್ ಹಿಡಿದು ಆಕಾಶ ನೋಡುವವರಿಗೆ ಕೆಲವು ಮಾತುಗಳು

2025ರ ಜನವರಿಯ ಒಂದು ಸಂಜೆ ವಾಳೆಯ ಸಭೆ ಮುಗಿಸಿ ಅಂಗಳಕ್ಕೆ ಬಂದಾಗ, ಪಶ್ಚಿಮದಲ್ಲಿ ಪ್ರಖರವಾಗಿ ಹೊಳೆಯುತ್ತಿದ್ದ ಬೆಳಕೊಂದನ್ನು ಡ್ರೋನ್ ಎಂದು ಒಬ್ಬರು, ವಿಮಾನವೆಂದು ಇನ್ನೊಬ್ಬರು ವಾದಿಸುತ್ತಿದ್ದರು. ಅದು ಶುಕ್ರ ಗ್ರಹ. ರುಜುವಾತು ಮಾಡೋಣವೆಂದು ನಾವು ಸ್ವಲ್ಪ ಗತ್ತಿನಿಂದಲೇ ಮೊಬೈಲ್ ತೆಗೆದು ಅತ್ತ ಹಿಡಿದೆವು. ತೆರೆಯ ಮೇಲೆ ಬಂದದ್ದು ಬೇರಾವುದೋ ನಕ್ಷತ್ರದ ಹೆಸರು. "ಫಾದರ್, ನಿಮ್ಮ ಮೊಬೈಲಿಗೆ ದಿಕ್ಕು ತಪ್ಪಿದೆ" ಎಂದು ಹುಡುಗನೊಬ್ಬ ನಕ್ಕ. ಅವನ ಮಾತು ಅಕ್ಷರಶಃ ಸತ್ಯವಾಗಿತ್ತು.

ಮೊಬೈಲಿನ ಕ್ಯಾಮೆರಾ ನಕ್ಷತ್ರವನ್ನು ನೋಡಿ ಗುರುತಿಸುತ್ತದೆ ಎಂದು ಹಲವರು ತಿಳಿದಿದ್ದಾರೆ. ಸ್ಟೆಲೇರಿಯಂ, ಸ್ಕೈ ಮ್ಯಾಪ್ ಮುಂತಾದ ಆ್ಯಪ್‌ಗಳು ಹಾಗೆ ಕೆಲಸ ಮಾಡುವುದಿಲ್ಲ. ನಾವು ಇರುವ ಸ್ಥಳವನ್ನು ಜಿಪಿಎಸ್‌ನಿಂದ, ಸಮಯವನ್ನು ಗಡಿಯಾರದಿಂದ ಪಡೆದು, ಈ ಕ್ಷಣದಲ್ಲಿ ಯಾವ ಗ್ರಹ, ಯಾವ ನಕ್ಷತ್ರ ಎಲ್ಲಿರಬೇಕೆಂದು ಅವು ಲೆಕ್ಕ ಹಾಕುತ್ತವೆ. ಮೊಬೈಲ್ ಎಷ್ಟು ಓರೆಯಾಗಿದೆ, ಹೇಗೆ ತಿರುಗುತ್ತಿದೆ ಎಂಬುದನ್ನು ಒಳಗಿನ ಸಂವೇದಕಗಳೂ, ಯಾವ ದಿಕ್ಕಿಗೆ ಮುಖ ಮಾಡಿದೆ ಎಂಬುದನ್ನು ದಿಕ್ಸೂಚಿಯೂ ತಿಳಿಸುತ್ತವೆ. ಆದುದರಿಂದಲೇ ಮೋಡ ಕವಿದಿದ್ದರೂ, ಮನೆಯೊಳಗೆ ಕುಳಿತಿದ್ದರೂ ಆ್ಯಪ್ ನಕ್ಷತ್ರ ತೋರಿಸುತ್ತದೆ. ಮೊಬೈಲನ್ನು ನೆಲದ ಕಡೆಗೆ ಹಿಡಿದರೆ ಭೂಮಿಯ ಆಚೆ ಬದಿಯ ಆಕಾಶವೂ ಕಾಣುತ್ತದೆ!

ಈ ಎಲ್ಲದರಲ್ಲಿ ಬೇಗ ಮೋಸಹೋಗುವುದು ದಿಕ್ಸೂಚಿ. ಪರ್ಸಿನಂತೆ ಮಡಚುವ ಕವರಿನ ಅಯಸ್ಕಾಂತ, ಹತ್ತಿರದ ಕಬ್ಬಿಣದ ಗೇಟು, ಕಾರು, ಸ್ಪೀಕರ್ ಪೆಟ್ಟಿಗೆ ಇವುಗಳಲ್ಲಿ ಯಾವುದಾದರೂ ಸಾಕು, ಉತ್ತರ ಬೇರೆಡೆಗೆ ಹೋಗುತ್ತದೆ. ನಮ್ಮದು ಕವರಿನ ತಪ್ಪು. ಅದನ್ನು ಕಳಚಿ, ಗೇಟಿನಿಂದ ದೂರ ಬಂದು, ಮೊಬೈಲನ್ನು ಗಾಳಿಯಲ್ಲಿ ಇಂಗ್ಲಿಷ್‌ನ 8 ಬರೆದಂತೆ ಕೆಲವು ಬಾರಿ ಆಡಿಸಿದಾಗ ಶುಕ್ರ ತನ್ನ ಜಾಗಕ್ಕೆ ಬಂತು. ಕಡಿಮೆ ಬೆಲೆಯ ಕೆಲವು ಮೊಬೈಲುಗಳಲ್ಲಿ ದಿಕ್ಸೂಚಿಯೇ ಇರುವುದಿಲ್ಲ. ಅಂಥವರು ತೆರೆಯ ಮೇಲಿನ ನಕ್ಷೆಯನ್ನು ಬೆರಳಿನಿಂದ ಸರಿಸಿ, ಆಕಾಶದೊಂದಿಗೆ ಹೋಲಿಸಿಕೊಳ್ಳಬೇಕು.

ಮೊಬೈಲ್ ಹೇಳಿದ್ದು ಸರಿಯೇ ಎಂದು ಪರೀಕ್ಷಿಸಲು ಧ್ರುವ ನಕ್ಷತ್ರವಿದೆ. ಅದು ದಿಗಂತದಿಂದ ಎಷ್ಟು ಎತ್ತರದಲ್ಲಿರುತ್ತದೆಯೋ ನಮ್ಮ ಅಕ್ಷಾಂಶವೂ ಹೆಚ್ಚುಕಡಿಮೆ ಅಷ್ಟೇ. ಮಂಗಳೂರು, ಉಡುಪಿಗಳಲ್ಲಿ ಇದು ಸುಮಾರು 13 ಡಿಗ್ರಿ. ಕೈ ಚಾಚಿ ಹಿಡಿದ ಮುಷ್ಟಿಯ ಅಗಲ ಸುಮಾರು 10 ಡಿಗ್ರಿ. ಅಂದರೆ ಒಂದು ಮುಷ್ಟಿಗಿಂತ ತುಸು ಮೇಲೆ. ನಮ್ಮ ತೋಟಗಳಲ್ಲಿ ತೆಂಗಿನ ಮರಗಳು ಅದನ್ನು ಕಾಣಗೊಡುವುದಿಲ್ಲ ಎಂಬುದು ಬೇರೆ ಮಾತು. ಉತ್ತರ ಮರೆಯಾದವರು ಫೆಬ್ರವರಿ ಮಧ್ಯದಲ್ಲಿ ರಾತ್ರಿ 9ರ ಸುಮಾರಿಗೆ ದಕ್ಷಿಣಕ್ಕೆ ನೋಡಲಿ. ಅಲ್ಲಿ ಎರಡೂವರೆ ಮುಷ್ಟಿಯಷ್ಟು ಎತ್ತರದಲ್ಲಿ ಬೆಳಗುವುದು ಅಗಸ್ತ್ಯ. ರಾತ್ರಿಯ ಆಕಾಶದಲ್ಲಿ ಲುಬ್ಧಕವನ್ನು ಬಿಟ್ಟರೆ ಅತ್ಯಂತ ಪ್ರಕಾಶಮಾನ ನಕ್ಷತ್ರ ಅದುವೇ.

ಕತ್ತಲೆಗೆ ಕಣ್ಣು ಹೊಂದಿಕೊಳ್ಳಲು 20-30 ನಿಮಿಷ ಬೇಕು. ಮೊಬೈಲಿನ ಬಿಳಿ ಬೆಳಕು ಅದನ್ನು ಒಂದೇ ಕ್ಷಣದಲ್ಲಿ ಕೆಡಿಸುತ್ತದೆ. ಆದ್ದರಿಂದ ಆ್ಯಪ್‌ನಲ್ಲಿರುವ ಕೆಂಪು ಬಣ್ಣದ ರಾತ್ರಿ ವ್ಯವಸ್ಥೆಯನ್ನು ಬಳಸಿ, ತೆರೆಯ ಬೆಳಕನ್ನೂ ತಗ್ಗಿಸಿಕೊಳ್ಳಿ.

ಇನ್ನು ಚಲಿಸುವ ಬೆಳಕುಗಳ ವಿಷಯ. ಮಿನುಗದೆ, ಪಶ್ಚಿಮದ ಕಡೆಯಿಂದ ಪೂರ್ವಕ್ಕೆ ಕೆಲವೇ ನಿಮಿಷಗಳಲ್ಲಿ ದಾಟಿಹೋಗುವ ಪ್ರಖರ ಚುಕ್ಕೆ ಸುಮಾರು 400 ಕಿಲೋಮೀಟರ್ ಎತ್ತರದ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣವಾಗಿರಬಹುದು. ಮಣಿಸರದಂತೆ ಸಾಲಾಗಿ ಹೋಗುವ ದೀಪಗಳು ಸ್ಟಾರ್‌ಲಿಂಕ್ ಉಪಗ್ರಹಗಳು. 2019ರ ಮೇ ತಿಂಗಳಲ್ಲಿ ಒಂದೇ ರಾಕೆಟ್ಟಿನಲ್ಲಿ ಇಂಥ 60 ಉಪಗ್ರಹಗಳನ್ನು ಹಾರಿಸಲಾಯಿತು. ಉಡಾವಣೆಯ ನಂತರದ ಕೆಲವು ದಿನ ಮಾತ್ರ ಅವು ಹೀಗೆ ಒತ್ತಾಗಿ ಕಾಣುತ್ತವೆ. ಆ ವೀಡಿಯೊಗಳಿಗೆ ಭಯದ ಅಡಿಬರಹ ಸೇರಿಸಿ ವಾಟ್ಸಾಪ್‌ನಲ್ಲಿ ಹಂಚುವುದನ್ನೂ, ವಯಸ್ಸಾದವರು ಅದನ್ನು ನಂಬಿ ನಿದ್ದೆಗೆಡುವುದನ್ನೂ ನಾವು ಕಂಡಿದ್ದೇವೆ. ಇವುಗಳ ಪಥ ಆಗಾಗ ಬದಲಾಗುವುದರಿಂದ, ನಕ್ಷತ್ರಗಳಂತಲ್ಲದೆ, ಉಪಗ್ರಹಗಳನ್ನು ಹುಡುಕುವ ಮೊದಲು ಇಂಟರ್ನೆಟ್ ಹಾಕಿ ಆ್ಯಪ್‌ನ ಮಾಹಿತಿಯನ್ನು ಹೊಸದಾಗಿಸಿಕೊಳ್ಳಬೇಕು.

ಶನಿಯ ಬಳೆ ಕಾಣುವುದೇ ಎಂದು ಅಂದು ಆ ಹುಡುಗ ಕೇಳಿದ್ದ. ಮೊಬೈಲ್ ಶನಿ ಇರುವ ಜಾಗವನ್ನು ತೋರಿಸಬಲ್ಲದು, ಬಳೆಯನ್ನು ನೋಡಲು ಸಣ್ಣದಾದರೂ ಒಂದು ದೂರದರ್ಶಕವೇ ಬೇಕು.